ಹಂಚಿ ಬಂದ ಸೋರ್‌ಡೋ ಸ್ಟಾರ್ಟರ್, ಮನೆಯ ಬ್ರೆಡ್ ಮತ್ತು ಬನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಿಂದ ಸ್ಟಾರ್ಟರ್ (ಸೋರ್‌ಡೋ ಅನ್ನುವ ಹುಳಿ ಬ್ರೆಡ್ ಉಬ್ಬಿಸಲು ಹಾಕುವ ಹುದುಗಿದ ಹಿಟ್ಟು) ಒಯ್ದವರು, ಅವರಿಂದ ಪಡೆದವರು, ಆಮೇಲೆ ಅವರ ನೆಂಟರು ಫೋನಿನಲ್ಲಿ, ಮೆಸೇಜಿನಲ್ಲಿ, ಲಿಫ್ಟಿನ ಮುಂದೆ ನಿಂತು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅಳತೆ ಎಲ್ಲ ಗ್ರಾಂ ಲೆಕ್ಕ. ಬೇರೆ ಊರು ಹೇಳದ ಕಡೆ, ಸಮಯ ಬೆಂಗಳೂರಿನ ಅಡುಗೆಮನೆಯದು. ಅಂದರೆ ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ. ಬ್ರೆಡ್ ಮಾಡಿ ಅಭ್ಯಾಸ ಇರುವವರು ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಬಾಟಲಿ ಕೈಗೆ ಬಂದಾಗ

ಇದರಲ್ಲಿ ಇರೋದು ಏನು? ಬರೀ ಹಿಟ್ಟು, ನೀರಾ?

ಹಾಕಿದ್ದು ಅವೆರಡೇ. ಒಳಗೆ ಬೆಳೆದಿರುವುದು ಕಾಡು ಯೀಸ್ಟ್ ಮತ್ತು ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ. ಯೀಸ್ಟ್ ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಗಾಳಿ ಬಿಡುತ್ತದೆ. ಬ್ರೆಡ್ ಉಬ್ಬುವುದು ಮುಖ್ಯವಾಗಿ ಇದರಿಂದ. ಬ್ಯಾಕ್ಟೀರಿಯಾ ಹುಳಿ ಕೊಡುತ್ತದೆ, ಪರಿಮಳ ಕೊಡುತ್ತದೆ. ಈ ಹುಳಿಯೇ ಸ್ಟಾರ್ಟರನ್ನು ಕಾಯುವುದು ಕೂಡ. ಬೆಳೆದ ಸ್ಟಾರ್ಟರ್‌ನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸಿಗೆ ಇಳಿಯುವುದರಿಂದ ಬೇರೆ ಕೆಟ್ಟ ಜೀವಿಗಳಿಗೆ ಅಲ್ಲಿ ಬದುಕುವುದು ಕಷ್ಟ. ಮೊಸರಿನ ಹೆಪ್ಪಿನ ಹಾಗೇ ಇದೂ: ಇವತ್ತಿನದರಲ್ಲಿ ಒಂದು ಚಮಚ ನಾಳೆಗೆ ಎತ್ತಿಡಬೇಕು, ಒಂದು ಚಮಚ ಪಕ್ಕದ ಮನೆಗೂ ಹೋಗಬಹುದು.

ಮೊಟ್ಟೆ, ಹಾಲು ಏನಾದ್ರೂ ಇದೆಯಾ? ಆಲ್ಕೋಹಾಲ್ ಇರತ್ತೆ ಅಂತಾರಲ್ಲ?

ಮೊಟ್ಟೆ ಇಲ್ಲ, ಹಾಲೂ ಇಲ್ಲ. ಯೀಸ್ಟ್ ಕೆಲಸ ಮಾಡುವಾಗ ಸ್ವಲ್ಪ ಆಲ್ಕೋಹಾಲ್ ಹುಟ್ಟುವುದು ನಿಜ. ಅಂಗಡಿ ಯೀಸ್ಟ್ ಹಾಕಿದ ಬೇಕರಿ ಬ್ರೆಡ್‌ನಲ್ಲೂ ಹಾಗೇ ಆಗುತ್ತದೆ. ಒಲೆಯ ಬಿಸಿಗೆ ಅದು ಬಹುಪಾಲು ಆವಿಯಾಗಿ ಹೋಗುತ್ತದೆ. ಮನೆಯಲ್ಲಿ ಹಿರಿಯರು ಕೇಳಿದರೆ ಇರುವುದನ್ನು ಇದ್ದ ಹಾಗೇ ಹೇಳಿ, ತಿನ್ನುವುದು ಬಿಡುವುದು ಅವರಿಗೆ ಬಿಟ್ಟದ್ದು.

ಅಂಗಡೀಲಿ ಯೀಸ್ಟ್ ಪ್ಯಾಕೆಟ್ ಸಿಗುವಾಗ ಇಷ್ಟೆಲ್ಲ ಯಾಕೆ?

ಸಂಜೆಗೇ ಪಾವ್ ಬೇಕು ಅಂದರೆ ಪ್ಯಾಕೆಟ್ ಯೀಸ್ಟೇ ಸರಿ, ಅದರಲ್ಲಿ ತಪ್ಪೇನೂ ಇಲ್ಲ. ಸೋರ್‌ಡೋದಲ್ಲಿ ಸಿಗುವುದು ಬೇರೆ. ರುಚಿಗೆ ಆಳ ಇರುತ್ತದೆ. ಹುಳಿ ಇರುವುದರಿಂದ ಬ್ರೆಡ್ ಬೇಗ ಬೂಸ್ಟು ಹಿಡಿಯುವುದಿಲ್ಲ, ಮೃದುತ್ವವೂ ಜಾಸ್ತಿ ದಿನ ಉಳಿಯುತ್ತದೆ. ಹೊಟ್ಟಿರುವ ಗೋಧಿ ಹಿಟ್ಟು ಹಾಕಿದಾಗ ಇನ್ನೊಂದು ಲಾಭ. ಕಬ್ಬಿಣ, ಸತು ದೇಹಕ್ಕೆ ಸೇರದ ಹಾಗೆ ಹಿಡಿದಿಡುವ ಫೈಟಿಕ್ ಆಸಿಡ್ ನಿಧಾನ ಹುದುಗುವಿಕೆಯಲ್ಲಿ ಕಡಿಮೆಯಾಗುತ್ತದೆ. ಇದೆಲ್ಲ ಬಿಟ್ಟರೂ, ನನ್ನ ಮಟ್ಟಿಗೆ ದೊಡ್ಡ ಕಾರಣ ಒಂದೇ. ಪ್ಯಾಕೆಟ್ ಕೊಂಡರೆ ಅಲ್ಲಿಗೆ ಮುಗಿಯಿತು. ಸ್ಟಾರ್ಟರ್ ಕೊಟ್ಟವರ ಜೊತೆ ಮಾತು ಮುಂದುವರಿಯುತ್ತದೆ.

ಮನೆಗೆ ತಂದ ತಕ್ಷಣ ಏನು ಮಾಡ್ಲಿ?

ಅವತ್ತೇ ಬ್ರೆಡ್ ಮಾಡಲು ಹೋಗಬೇಡಿ. ಶುದ್ಧವಾದ ಗಾಜಿನ ಬಾಟಲಿಗೆ 20 ಗ್ರಾಂ ಸ್ಟಾರ್ಟರ್, 20 ಗ್ರಾಂ ಹಿಟ್ಟು, 20 ಗ್ರಾಂ ನೀರು ಹಾಕಿ ಕಲಸಿ. ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿ. ಮುಚ್ಚಳ ಸಡಿಲವಾಗಿರಲಿ, ಗಾಳಿ ಹೊರಗೆ ಹೋಗಬೇಕು. ನಾಲ್ಕೈದು ಗಂಟೆಯಲ್ಲಿ ಎರಡು ಪಟ್ಟು ಆದರೆ ಪ್ರಯಾಣದ ಸುಸ್ತು ಹೋಯಿತು ಅಂತ ಅರ್ಥ. ಹಾಗೇ ಇನ್ನೊಂದು ಸಲ ಮಾಡಿ. ಸತತ ಎರಡು ಸಲ ಚೆನ್ನಾಗಿ ಏರಿದರೆ ಬ್ರೆಡ್‌ಗೆ ಬಳಸಬಹುದು. ನಾನು ಕೊಡುವುದು 30 ಗ್ರಾಂ. ಉಳಿದ 10 ಗ್ರಾಂ ಇದೆಯಲ್ಲ, ಅದನ್ನು ಬಂದ ಬಾಟಲಿಯಲ್ಲೇ ಫ್ರಿಜ್‌ನಲ್ಲಿ ಇಟ್ಟಿರಿ. ಏನಾದರೂ ಎಡವಟ್ಟಾದರೆ ಕೈಗೆ ಬರುತ್ತದೆ.

ಯಾವ ಹಿಟ್ಟು ಕೊಡಬೇಕು? ಮೈದಾನಾ, ಚಪಾತಿ ಹಿಟ್ಟಾ?

ಎರಡೂ ನಡೆಯುತ್ತದೆ. ನಾನು ಕೊಡುವುದು ಅರ್ಧ ಮೈದಾ, ಅರ್ಧ ಚಪಾತಿ ಹಿಟ್ಟು. ಹೊಟ್ಟಿನಲ್ಲಿ ಖನಿಜ ಜಾಸ್ತಿ, ಸ್ಟಾರ್ಟರ್ ಚುರುಕಾಗಿರುತ್ತದೆ. ಬರೀ ಚಪಾತಿ ಹಿಟ್ಟಾದರೆ ಬೇಗ ಹುಳಿಯಾಗುತ್ತದೆ, ನೀರೂ ಜಾಸ್ತಿ ಕುಡಿಯುತ್ತದೆ, ಆಗ ಒಂದೆರಡು ಚಮಚ ನೀರು ಹೆಚ್ಚಿಗೆ ಹಾಕಿ. ಗಿರಣಿಯಲ್ಲಿ ಬೀಸಿಸಿದ ಹಿಟ್ಟು ತುಂಬಾ ಒಳ್ಳೆಯದು. ಬೀಸಿಸಿ ತಂದ ಮೇಲೆ ಆರಿಸಿ ಬಳಸಿ. ಹಿಟ್ಟು ಬದಲಿಸಿದರೆ ಸ್ಟಾರ್ಟರ್ ಹೊಂದಿಕೊಳ್ಳಲು ಎರಡು ಮೂರು ಫೀಡ್ (ಅಂದರೆ ಹೊಸ ಹಿಟ್ಟು, ನೀರು ಕೊಡುವುದು) ಹಿಡಿಯಬಹುದು.

ಕಾವೇರಿ ನೀರು ಹಾಕಬಹುದಾ?

ಹಾಕಬಹುದು. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಬಂದರೆ ಒಂದು ಪಾತ್ರೆಯಲ್ಲಿ ರಾತ್ರಿ ಪೂರ್ತಿ ತೆರೆದಿಟ್ಟು ಬೆಳಿಗ್ಗೆ ಬಳಸಿ. ಫಿಲ್ಟರ್ ನೀರು, ಬೋರ್‌ವೆಲ್ ನೀರು, ಕುದಿಸಿ ಆರಿಸಿದ ನೀರು ಎಲ್ಲ ಆಗುತ್ತದೆ.

ದಿನಾ ಫೀಡ್ ಮಾಡ್ಬೇಕಾ? ನನಗೆ ಅಷ್ಟು ಪುರುಸೊತ್ತಿಲ್ಲ.

ವಾರಕ್ಕೊಮ್ಮೆ ಬ್ರೆಡ್ ಮಾಡುವವರಿಗೆ ವಾರಕ್ಕೊಮ್ಮೆ ಸಾಕು. ಉಳಿದ ದಿನ ಫ್ರಿಜ್‌ನಲ್ಲಿರಲಿ. ನಾನು ಎಲ್ಲರಿಗೂ ಹೇಳಿಕೊಡುವ ಲೆಕ್ಕ ಇದು: ಬ್ರೆಡ್ ಮಾಡುವ ಹಿಂದಿನ ರಾತ್ರಿ ಫ್ರಿಜ್‌ನಿಂದ 10 ಗ್ರಾಂ ಸ್ಟಾರ್ಟರ್ ತೆಗೆದು, 50 ಗ್ರಾಂ ಹಿಟ್ಟು, 50 ಗ್ರಾಂ ನೀರು ಸೇರಿಸಿ ಹೊರಗಿಡಿ. ಎಂಟೊಂಬತ್ತು ಗಂಟೆಯಲ್ಲಿ, ಅಂದರೆ ಬೆಳಿಗ್ಗೆ ಏಳುವಷ್ಟರಲ್ಲಿ ತಯಾರು. ಅದರಲ್ಲಿ 90 ಗ್ರಾಂ ಬ್ರೆಡ್‌ಗೆ ಹೋಯಿತು. ಉಳಿದ 20 ಗ್ರಾಂ ಮತ್ತೆ ಫ್ರಿಜ್‌ಗೆ. ಹೀಗೆ ಮಾಡಿದರೆ ಎಸೆಯುವ ಪ್ರಶ್ನೆಯೇ ಬರುವುದಿಲ್ಲ. ಬಾಟಲಿ ತುಂಬ ಸ್ಟಾರ್ಟರ್ ಇಟ್ಟುಕೊಂಡರೆ ಹಿಟ್ಟು ದಂಡ, ಬೇರೆ ಲಾಭವೇನೂ ಇಲ್ಲ.

ಆದ್ರೂ ಒಂದೊಂದ್ಸಲ ಉಳಿದುಬಿಡತ್ತೆ. ಅನ್ನ ಚೆಲ್ಲಿದ ಹಾಗೆ ಬೇಜಾರಾಗತ್ತೆ. ಏನು ಮಾಡೋದು?

ಚೆಲ್ಲಬೇಡಿ. ಒಂದು ಡಬ್ಬಿಯಲ್ಲಿ ಸೇರಿಸುತ್ತಾ ಫ್ರಿಜ್‌ನಲ್ಲಿಡಿ, ವಾರದೊಳಗೆ ಬಳಸಿ. ಎರಡು ಚಮಚ ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, ಸ್ವಲ್ಪ ನೀರು ಸೇರಿಸಿದರೆ ಅಲ್ಲೇ ಗೋಧಿ ದೋಸೆ ಆಯಿತು. ಮಂಗಳೂರು ಬನ್ಸ್‌ಗೂ ಹಾಕಬಹುದು. ಕಳಿತ ಬಾಳೆಹಣ್ಣು, ಸಕ್ಕರೆ, ಜೀರಿಗೆ, ಉಪ್ಪು, ಚಿಟಿಕೆ ಸೋಡಾ ಎಲ್ಲ ಎಂದಿನಂತೆ. ಮೊಸರಿನ ಬದಲು ಇದು. ಆಮೇಲೆ ಹಿಡಿಯುವಷ್ಟು ಮೈದಾ. ಕೆಲವು ಗಂಟೆ ಬಿಟ್ಟು, ದಪ್ಪಗೆ ಲಟ್ಟಿಸಿ ಕರಿಯಿರಿ. ಹಸಿಯಾಗಿ ಮಾತ್ರ ರುಚಿ ನೋಡಬೇಡಿ, ಹಸಿ ಹಿಟ್ಟು ಹೊಟ್ಟೆಗೆ ಒಳ್ಳೆಯದಲ್ಲ.

## ಮೊದಲ ಬ್ರೆಡ್, ಮೊದಲ ಬನ್

ಏನೇನು ಸಾಮಾನು ಕೊಳ್ಳಬೇಕು?

ಕೊಳ್ಳಲೇಬೇಕಾದದ್ದು ಒಂದು: ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. ಕಪ್ಪಿನ ಲೆಕ್ಕದಲ್ಲಿ ಒಬ್ಬರ ಹಿಟ್ಟು ಇನ್ನೊಬ್ಬರಿಗಿಂತ ಎಷ್ಟೋ ಬೇರೆಯಾಗುತ್ತದೆ. ಉಳಿದದ್ದು ಮನೆಯಲ್ಲೇ ಇದೆ. ಬ್ರೆಡ್ ಉಬ್ಬಿಸಲು ಬೆತ್ತದ ಬುಟ್ಟಿ ಬೇಡ. ಜರಡಿಗೆ ಹತ್ತಿ ಬಟ್ಟೆ ಹಾಸಿ, ಮೇಲೆ ಅಕ್ಕಿಹಿಟ್ಟು ಉದುರಿಸಿದರೆ ಸಾಕು. ಅಕ್ಕಿಹಿಟ್ಟು ಹಾಕಿದರೆ ಬಟ್ಟೆಗೆ ಅಂಟುವುದೇ ಇಲ್ಲ.

ಸ್ಟಾರ್ಟರ್ ತಯಾರಾಗಿದೆ ಅಂತ ಹೇಗೆ ಗೊತ್ತಾಗತ್ತೆ? ನೀರಲ್ಲಿ ತೇಲಿಸಿ ನೋಡಿದ್ರೆ ಸಾಕಾ?

ತೇಲಿಸುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಚಪಾತಿ ಹಿಟ್ಟಿನ ಸ್ಟಾರ್ಟರ್ ಚೆನ್ನಾಗಿದ್ದರೂ ಮುಳುಗಬಹುದು. ಚಮಚದಲ್ಲಿ ಎತ್ತುವಾಗಲೂ ಗಾಳಿ ಹೋಗಿಬಿಡುತ್ತದೆ. ಬಾಟಲಿಯನ್ನೇ ನೋಡಿ. ರಬ್ಬರ್ ಬ್ಯಾಂಡಿನಿಂದ ಎರಡು ಪಟ್ಟಾದರೂ ಏರಿರಬೇಕು. ಮೇಲ್ಭಾಗ ಗುಮ್ಮಟದ ಹಾಗಿರಬೇಕು ಅಥವಾ ಈಗಷ್ಟೇ ಸಪಾಟಾಗುತ್ತಿರಬೇಕು. ಒಳಗೆಲ್ಲ ಗುಳ್ಳೆ ಇರಬೇಕು. ವಾಸನೆ ಹಣ್ಣಿನಂತೆ, ತೆಳು ಮೊಸರಿನಂತೆ ಇರಬೇಕು. ಮಧ್ಯ ಕುಸಿದು, ಮೂಗಿಗೆ ಬಡಿಯುವ ವಾಸನೆ ಬಂದರೆ ಹೊತ್ತು ಮೀರಿದೆ, ಇನ್ನೊಂದು ಸಲ ಹಿಟ್ಟು ನೀರು ಕೊಡಿ.

ಸುಲಭವಾದ ಒಂದು ಬ್ರೆಡ್ ಅಳತೆ ಹೇಳಿ.

ಮೈದಾ 400 ಗ್ರಾಂ, ಚಪಾತಿ ಹಿಟ್ಟು 50 ಗ್ರಾಂ, ನೀರು 300 ಗ್ರಾಂ, ಸ್ಟಾರ್ಟರ್ 90 ಗ್ರಾಂ, ಉಪ್ಪು 9 ಗ್ರಾಂ. ಅಯೋಡಿನ್ ಉಪ್ಪೇ ಆಗುತ್ತದೆ.

ಮೊದಲು ಹಿಟ್ಟು, ನೀರು ಕಲಸಿ ಅರ್ಧ ಗಂಟೆ ಮುಚ್ಚಿಡಿ. ಈ ಅರ್ಧ ಗಂಟೆಯಲ್ಲಿ ಹಿಟ್ಟು ನೆನೆದು ಅರ್ಧ ನಾದಿದ ಕೆಲಸ ತಾನೇ ಆಗಿರುತ್ತದೆ. ಆಮೇಲೆ ಸ್ಟಾರ್ಟರ್, ಉಪ್ಪು ಹಾಕಿ ಚೆನ್ನಾಗಿ ಬೆರೆಸಿ. ಅಲ್ಲಿಂದ ಅರ್ಧ ಗಂಟೆಗೊಮ್ಮೆ ಮೂರು ನಾಲ್ಕು ಸಲ ಕೈ ಒದ್ದೆ ಮಾಡಿಕೊಂಡು, ಹಿಟ್ಟಿನ ಒಂದು ಅಂಚನ್ನು ಎಳೆದು ಮೇಲಕ್ಕೆ ಮಡಚಿ. ನಾಲ್ಕೂ ಕಡೆಯಿಂದ ಹೀಗೆ ಮಾಡಿ. ಮೊದಲ ಸಲ ಹರಿಯುವ ಹಿಟ್ಟು ಕೊನೆಯ ಸಲ ಗಟ್ಟಿಯಾಗಿ ನಿಲ್ಲುತ್ತದೆ. ಆಮೇಲೆ ಉಬ್ಬಲು ಬಿಡಿ. ಉಬ್ಬಿದ ಮೇಲೆ ಉಂಡೆ ಮಾಡಿ ಬಟ್ಟೆ ಹಾಸಿದ ಜರಡಿಗೆ ಹಾಕಿ, ಮುಚ್ಚಿ, ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಬೇಯಿಸಿ. ಎಂಟರಿಂದ ಹದಿನಾಲ್ಕು ಗಂಟೆಯೊಳಗೆ ಯಾವಾಗ ಬೇಕಾದರೂ ಆಗುತ್ತದೆ.

ನಮ್ಮ ಮೈದಾದಲ್ಲಿ ಪ್ರೋಟೀನ್ ಸಾಮಾನ್ಯವಾಗಿ ನೂರಕ್ಕೆ 10ರ ಆಸುಪಾಸು. ಹೊರದೇಶದ ಬ್ರೆಡ್ ಹಿಟ್ಟಿನಲ್ಲಿ 12, 13 ಇರುತ್ತದೆ. ಅಲ್ಲಿಯ ರೆಸಿಪಿ ನೋಡಿ 350 ಗ್ರಾಂ ನೀರು ಸುರಿದರೆ ಕೈಗೆ ಸಿಗುವುದಿಲ್ಲ. 300ರಿಂದ ಶುರು ಮಾಡಿ, ಕೈಗೆ ಅಭ್ಯಾಸ ಆದ ಹಾಗೆ ಹೆಚ್ಚಿಸಿ.

ರೆಸಿಪೀಲಿ 10 ಗಂಟೆ ಉಬ್ಬಿಸಿ ಅಂತ ಇತ್ತು. ಹಾಗೇ ಮಾಡಿದೆ, ಹಿಟ್ಟು ನೀರಾಗಿ ಹರೀತಿದೆ. ಸ್ಟಾರ್ಟರ್ ಸರಿ ಇಲ್ವಾ?

ಸ್ಟಾರ್ಟರ್ ಚೆನ್ನಾಗಿಯೇ ಇದೆ. ಆ ರೆಸಿಪಿ 20, 21 ಡಿಗ್ರಿಯ ಅಡುಗೆಮನೆಗೆ ಬರೆದದ್ದು. ಇಲ್ಲಿ ಎಲ್ಲರೂ ಎಡವುವುದು ಇದೇ ಜಾಗದಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ತಾಪ ಎಂಟು ಹತ್ತು ಡಿಗ್ರಿ ಹೆಚ್ಚಾದರೆ ಹಿಟ್ಟು ಉಬ್ಬುವ ವೇಗ ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ. ಮೇಲಿನ ಅಳತೆಯ ಹಿಟ್ಟಿಗೆ 25 ಡಿಗ್ರಿಯಲ್ಲಿ ಐದಾರು ಗಂಟೆ, 28ರಲ್ಲಿ ನಾಲ್ಕರಿಂದ ಐದು ಗಂಟೆ ಸಾಕು. ಮಂಗಳೂರು, ಕಾರವಾರದ ಸೆಕೆಯಲ್ಲಿ ಮೂರೂವರೆ ಗಂಟೆಗೇ ಆಗಿಬಿಡಬಹುದು. ಗಂಟೆ ಎಣಿಸಲು ಶುರು ಮಾಡುವುದು ಸ್ಟಾರ್ಟರ್ ಬೆರೆಸಿದ ಹೊತ್ತಿನಿಂದ. ಹೊತ್ತು ಮೀರಿದರೆ ಹುಳಿ ಹೆಚ್ಚಿ, ಹಿಟ್ಟನ್ನು ಹಿಡಿದಿಟ್ಟ ಗ್ಲುಟೆನ್ ಅನ್ನುವ ಗೋಧಿ ಪ್ರೋಟೀನಿನ ಜಾಲ ಕಡಿದುಹೋಗುತ್ತದೆ. ಆಮೇಲೆ ಎಷ್ಟು ನಾದಿದರೂ ಅದು ಕೂಡುವುದಿಲ್ಲ. ಹಾಗಾದ ಹಿಟ್ಟನ್ನು ಎಣ್ಣೆ ಸವರಿದ ತಟ್ಟೆಗೆ ಸುರಿದು, ಮೇಲೆ ಈರುಳ್ಳಿ, ಕರಿಬೇವು ಹಾಕಿ ಚಪ್ಪಟೆ ಬ್ರೆಡ್ ಮಾಡಿ, ತುಂಬಾ ರುಚಿ.

ಗಡಿಯಾರದ ಬದಲು ಒಂದು ಚಿಕ್ಕ ಲೋಟ ನಂಬಿ. ನೇರ ಗೋಡೆಯ ಗಾಜಿನ ಲೋಟಕ್ಕೆ ಕೊನೆಯ ಮಡಚುವಿಕೆಯ ಹೊತ್ತಿಗೆ ನಿಂಬೆ ಗಾತ್ರದ ಹಿಟ್ಟು ಹಾಕಿ, ಒತ್ತಿ ಸಪಾಟು ಮಾಡಿ, ಮಟ್ಟಕ್ಕೆ ಗುರುತು ಹಾಕಿ. ಅದನ್ನು ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಇಡಿ. ಲೋಟದಲ್ಲಿ ಮಟ್ಟ ಒಂದೂವರೆ ಪಟ್ಟು ಆದಾಗ ಬೇಸಿಗೆಯಲ್ಲಿ ನಿಲ್ಲಿಸಿ. ಡಿಸೆಂಬರ್ ಚಳಿಯಲ್ಲಾದರೆ ಒಂದೂಮುಕ್ಕಾಲು ಪಟ್ಟಿನವರೆಗೂ ಬಿಡಬಹುದು. ಬೇಸಿಗೆಯಲ್ಲಿ ಬೇಗ ನಿಲ್ಲಿಸುವುದಕ್ಕೆ ಕಾರಣ ಇದೆ. ಬೆಚ್ಚಗಿನ ಉಂಡೆ ಫ್ರಿಜ್‌ಗೆ ಹೋದ ಮೇಲೂ ನಡುವಿನವರೆಗೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಅಲ್ಲಿಯವರೆಗೂ ಉಬ್ಬುತ್ತಲೇ ಇರುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಫ್ರಿಜ್ ನೀರು ಹಾಕಿ ಕಲಸಿ. ಸ್ಟಾರ್ಟರನ್ನು 45 ಗ್ರಾಂಗೆ ಇಳಿಸಿದರೆ ಇನ್ನಷ್ಟು ಸಮಯ ಸಿಗುತ್ತದೆ.

ಮಕ್ಕಳಿಗೆ ಮೆತ್ತಗಿನ ಬನ್ ಬೇಕು. ಇದರಲ್ಲಿ ಆಗತ್ತಾ?

ಖಂಡಿತ ಆಗುತ್ತದೆ. ಮೈದಾ 300 ಗ್ರಾಂ, ಏರಿದ ಸ್ಟಾರ್ಟರ್ 100 ಗ್ರಾಂ, ಉಗುರುಬೆಚ್ಚಗಿನ ಹಾಲು 170 ಗ್ರಾಂ, ಸಕ್ಕರೆ 30 ಗ್ರಾಂ, ಉಪ್ಪು 6 ಗ್ರಾಂ, ಬೆಣ್ಣೆ 40 ಗ್ರಾಂ. ಬೆಣ್ಣೆ ಬಿಟ್ಟು ಉಳಿದದ್ದನ್ನು ಕಲಸಿ ಹತ್ತು ನಿಮಿಷ ನಾದಿ. ಆಮೇಲೆ ಮೆತ್ತಗಿನ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಮತ್ತೆ ನಾದಿ. ಬನ್‌ಗೆ ನಾದುವುದರಲ್ಲಿ ಚೌಕಾಸಿ ಮಾಡುವ ಹಾಗಿಲ್ಲ. ಹಿಟ್ಟಿನ ತುಣುಕನ್ನು ಬೆರಳಲ್ಲಿ ಎಳೆದರೆ ಹರಿಯದೆ ತೆಳುವಾಗಿ, ಬೆಳಕು ಕಾಣುವ ಹಾಗೆ ಹರಡಬೇಕು.

ಎರಡು ಪಟ್ಟಿಗೆ ಹತ್ತಿರ ಬರುವವರೆಗೆ ಬಿಡಿ. ಸಕ್ಕರೆ, ಬೆಣ್ಣೆ ಇರುವುದರಿಂದ ಬ್ರೆಡ್‌ಗಿಂತ ನಿಧಾನ. ಸುಮಾರು 70 ಗ್ರಾಂನ ಒಂಬತ್ತು ಉಂಡೆ ಮಾಡಿ, 20 ಸೆಂಟಿಮೀಟರ್ ಚೌಕದ ಟ್ರೇಯಲ್ಲಿ ಜೋಡಿಸಿ. ಎರಡು ಮೂರು ಗಂಟೆ ಬಿಟ್ಟರೆ ಒಂದಕ್ಕೊಂದು ತಾಗುವಷ್ಟು ಉಬ್ಬುತ್ತವೆ. ಮೇಲೆ ಹಾಲು ಸವರಿ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಹೊರಗೆ ತೆಗೆದ ತಕ್ಷಣ ಬೆಣ್ಣೆ ಸವರಿ, ಬಟ್ಟೆ ಮುಚ್ಚಿಡಿ. ಹುಳಿ ಗೊತ್ತೇ ಆಗಬಾರದು ಅಂದರೆ ಸ್ಟಾರ್ಟರ್ ತುದಿ ಮುಟ್ಟುತ್ತಿದ್ದ ಹಾಗೇ ಬಳಸಿ, ಹಿಟ್ಟನ್ನು ಫ್ರಿಜ್‌ಗೆ ಹಾಕಬೇಡಿ.

ಇದೇ ಹಿಟ್ಟಿನೊಳಗೆ ತೆಂಗಿನತುರಿ, ಸಕ್ಕರೆ, ಟೂಟಿಫ್ರೂಟಿ, ಏಲಕ್ಕಿ ತುಂಬಿದರೆ ದಿಲ್‌ಪಸಂದ್ ರುಚಿಯ ಬನ್. ಹಸಿಮೆಣಸಿನಕಾಯಿ, ಕೊತ್ತಂಬರಿ, ಈರುಳ್ಳಿ ಸೇರಿಸಿದರೆ ಖಾರಾ ಬನ್.

ನಮ್ಮ ಹತ್ರ ಓಟಿಜಿ ಮಾತ್ರ ಇರೋದು. ಆ ದಪ್ಪ ಕಬ್ಬಿಣದ ಪಾತ್ರೆ ಇಲ್ಲದೆ ಆಗಲ್ವಾ?

ಆಗುತ್ತದೆ. ಆ ಪಾತ್ರೆಯ ಕೆಲಸ ಬ್ರೆಡ್‌ನಿಂದ ಬರುವ ಹಬೆಯನ್ನು ಮೊದಲ 20 ನಿಮಿಷ ಹಿಡಿದಿಡುವುದು, ಅಷ್ಟೇ. ಹಬೆ ಇದ್ದರೆ ಮೇಲ್ಪದರ ಬೇಗ ಗಟ್ಟಿಯಾಗದೆ ಬ್ರೆಡ್ ಪೂರ್ತಿ ಅರಳುತ್ತದೆ. ಓಟಿಜಿಯ ಟ್ರೇ ಮೇಲೆ ಬ್ರೆಡ್ ಇಟ್ಟು, ಅದರ ಮೇಲೆ ಆಳವಾದ ಸ್ಟೀಲ್ ಪಾತ್ರೆ ಬೋರಲು ಹಾಕಿ. ಪಾತ್ರೆಗೆ ಪ್ಲಾಸ್ಟಿಕ್ ಹಿಡಿ ಇರಬಾರದು. ಬ್ರೆಡ್ ಹಾಕುವ ಮೊದಲು ಓವನ್ನು ಅರ್ಧ ಗಂಟೆ 230 ಡಿಗ್ರಿಗೆ ಕಾಯಲಿ. ಮುಚ್ಚಿ 20 ನಿಮಿಷ, ತೆರೆದು ಇನ್ನೂ 20 ನಿಮಿಷ. ಚಿಕ್ಕ ಓಟಿಜಿಯಲ್ಲಿ ಮೇಲಿನ ಕಾಯಿಲ್ ಹತ್ತಿರ ಇರುವುದರಿಂದ ಬೇಗ ಕಪ್ಪಾಗುತ್ತದೆ, ಕೊನೆಗೆ ಕೆಳಗಿನ ಕಾಯಿಲ್ ಮಾತ್ರ ಉರಿಸಿ. ಕನ್ವೆಕ್ಷನ್ ಮೈಕ್ರೋವೇವ್ ಇದ್ದರೆ ಲೋಹ ಹಾಕಬಹುದಾ ಅಂತ ಅದರ ಪುಸ್ತಕ ನೋಡಿ. ಅದರಲ್ಲಿ ನಾನು ಟಿನ್ ಬ್ರೆಡ್ ಮತ್ತು ಬನ್ ಮಾಡಿ ಎನ್ನುತ್ತೇನೆ, ದುಂಡು ಬ್ರೆಡ್‌ಗೆ ಬೇಕಾದಷ್ಟು ಬಿಸಿ ಹಲವು ಮಾದರಿಗಳಲ್ಲಿ ಬರುವುದಿಲ್ಲ.

ಬಿಸಿ ಇರುವಾಗ್ಲೇ ಕುಯ್ಯಬಹುದಾ?

ಬನ್ ತಿನ್ನಿ. ದೊಡ್ಡ ಬ್ರೆಡ್ ಎರಡು ಗಂಟೆ ಆರಲಿ. ಬಿಸಿಯಲ್ಲಿ ಕುಯ್ದರೆ ಒಳಗಿನ ಪಿಷ್ಟ ಇನ್ನೂ ಗಟ್ಟಿಯಾಗಿರುವುದಿಲ್ಲ, ಚಾಕುವಿಗೆ ಅಂಟುತ್ತದೆ.

## ಕೊಡುವುದು, ಕಳಿಸುವುದು, ಕಾಪಾಡುವುದು

ಬೇರೆಯವರಿಗೆ ಎಷ್ಟು ಕೊಡಬೇಕು? ಹೇಗೆ ಕೊಡಬೇಕು?

30 ಗ್ರಾಂ ಬೇಕಾದಷ್ಟಾಯಿತು. ಕೊಡುವ ದಿನ ಫೀಡ್ ಮಾಡಿ, ಒಂದು ಗಂಟೆ ಬಿಟ್ಟು ಕೊಡಿ, ದಾರಿಯಲ್ಲಿ ತಿನ್ನಲು ಅದಕ್ಕೆ ಹಿಟ್ಟಿರುತ್ತದೆ. ಬಾಟಲಿ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಒಂದು ಚೀಟಿ ಅಂಟಿಸಿ: ಯಾವ ಹಿಟ್ಟು, ಎಷ್ಟು ನೀರು, ಕೊನೆಯ ಫೀಡ್ ಯಾವತ್ತು. ರೈ ಅನ್ನುವ ಧಾನ್ಯದ ಹಿಟ್ಟು ಅಥವಾ ಹಾಲು ಏನಾದರೂ ಹಾಕಿದ್ದರೆ ಅದನ್ನೂ ಬರೆಯಿರಿ. ಸಾಧ್ಯವಾದರೆ ಜೊತೆಗೆ ಅದರಲ್ಲೇ ಮಾಡಿದ ಎರಡು ಬನ್ ಕೊಡಿ. ತಿಂದು ನೋಡಿದವರು ಸ್ಟಾರ್ಟರನ್ನು ಮರೆತುಬಿಡುವುದಿಲ್ಲ.

ಹುಬ್ಬಳ್ಳಿಗೆ ಬಸ್ಸಲ್ಲಿ ಪಾರ್ಸೆಲ್ ಕಳಿಸಬೇಕು. ಚೆಲ್ಲಿದ್ರೆ?

ಗಟ್ಟಿ ಮಾಡಿ ಕಳಿಸಿ. 20 ಗ್ರಾಂ ಸ್ಟಾರ್ಟರ್‌ಗೆ 40 ಗ್ರಾಂ ಹಿಟ್ಟು, 15 ಗ್ರಾಂ ನೀರು ಹಾಕಿ ಚಪಾತಿ ಹಿಟ್ಟಿನ ಹಾಗೆ ಕಲಸಿ. ಉಂಡೆ ಮಾಡಿ, ಒಣ ಹಿಟ್ಟಿನಲ್ಲಿ ಹೊರಳಿಸಿ, ಅದರ ನಾಲ್ಕು ಪಟ್ಟು ದೊಡ್ಡ ಡಬ್ಬಿಯಲ್ಲಿ ಹಾಕಿ. ಉಂಡೆ ಉಬ್ಬಿ ಬಿರಿದರೂ ಡಬ್ಬಿಯೊಳಗೇ ಇರುತ್ತದೆ. ಗಟ್ಟಿ ಹಿಟ್ಟು ನಿಧಾನವಾಗಿ ಹುಳಿಯಾಗುವುದರಿಂದ ರಾತ್ರಿ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು.

ದೂರದ ಊರಿಗಾದರೆ ಒಣಗಿಸಿ. ತುದಿ ಮುಟ್ಟಿದ ಸ್ಟಾರ್ಟರನ್ನು ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಸವರಿ ಫ್ಯಾನಿನ ಕೆಳಗೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ, ಓವನ್‌ಗೆ ಹಾಕಬೇಡಿ, ಯೀಸ್ಟ್ ಸಾಯುತ್ತದೆ. ಹಪ್ಪಳದ ಹಾಗೆ ಕಟ್ ಅಂತ ಮುರಿದರೆ ಆಯಿತು. ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮತ್ತೆ ಎಬ್ಬಿಸಲು ಒಂದು ಚಮಚ ಪುಡಿಗೆ ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿ, ಹಿಟ್ಟು ಸೇರಿಸಿ, ಎರಡು ಮೂರು ದಿನ ಫೀಡ್ ಮಾಡಿ.

ಊರಿಗೆ ಹೋಗ್ತಿದ್ದೀನಿ, ಒಂದು ತಿಂಗಳು ಬರಲ್ಲ. ಸತ್ತುಹೋಗತ್ತಾ?

ಫ್ರಿಜ್‌ನಲ್ಲಿ ಒಂದು ತಿಂಗಳು ಸುಲಭವಾಗಿ ತಡೆಯುತ್ತದೆ. ಹೋಗುವ ಮೊದಲು ಗಟ್ಟಿಯಾಗಿ ಕಲಸಿಡಿ. ಬಂದ ಮೇಲೆ ಎರಡು ಮೂರು ಫೀಡ್‌ನಲ್ಲಿ ಎಚ್ಚರವಾಗುತ್ತದೆ. ಆದರೆ ಕರೆಂಟು ಹೋಗಬಹುದು, ಫ್ರಿಜ್ ಕೆಡಬಹುದು, ಮನೆ ಕೆಲಸದವರು ಕೆಟ್ಟ ಹಿಟ್ಟು ಅಂತ ತೊಳೆದುಬಿಡಬಹುದು. ಇದಕ್ಕೆಲ್ಲ ಗಟ್ಟಿ ಉಪಾಯ ಒಂದೇ: ನಿಮ್ಮ ಸ್ಟಾರ್ಟರ್ ಇನ್ನೂ ಎರಡು ಮನೆಯಲ್ಲಿ ಇರಬೇಕು. ಸ್ಟಾರ್ಟರ್ ಪಡೆದವರಿಗೆ ನಾನು ಕೇಳಿಕೊಳ್ಳುವುದು ಇಷ್ಟೇ, ನಿಮ್ಮ ಮೊದಲ ಬ್ರೆಡ್ ಚೆನ್ನಾಗಿ ಬಂದ ವಾರವೇ ಒಬ್ಬರಿಗೆ ಕೊಟ್ಟುಬಿಡಿ. ಯಾರ ಮನೆಯಲ್ಲಿ ಕಳೆದುಹೋದರೂ ಇನ್ನೊಬ್ಬರ ಬಾಗಿಲು ತಟ್ಟಬಹುದು.

ದುಡ್ಡು ತಗೊಂಡು ಕೊಡಬಹುದಾ? ಹಳೇ ಸ್ಟಾರ್ಟರ್ ಅಂದ್ರೆ ಬೆಲೆ ಜಾಸ್ತಿ ಅಂತೆ.

ಮಾರುವವರು ಮಾರುತ್ತಾರೆ, ಅದು ಅವರ ದುಡಿಮೆ. ಹಂಚಿ ಬಂದದ್ದನ್ನು ಹಂಚಿಯೇ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಕಾರ್ಲ್ ಗ್ರಿಫಿತ್ ಅನ್ನುವವರು ಇದ್ದರು. ಅವರ ಕುಟುಂಬ 1847ರಲ್ಲಿ ಮಿಸ್ಸೂರಿಯಿಂದ ಆರೆಗನ್‌ಗೆ ವಲಸೆ ಹೋಗುವಾಗ ಒಯ್ದ ಸ್ಟಾರ್ಟರ್ ಅವರ ಹತ್ತಿರ ಇತ್ತು. ವಿಳಾಸ ಬರೆದು, ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿದ ಯಾರಿಗಾದರೂ ಅದನ್ನು ಅವರು ಉಚಿತವಾಗಿ ಕೊಟ್ಟರು. 2000ದಲ್ಲಿ ಅವರು ತೀರಿಕೊಂಡ ಮೇಲೆ ಸ್ನೇಹಿತರು ಆ ಕೆಲಸ ಮುಂದುವರಿಸಿದರು. ಅವರ ಸ್ಟಾರ್ಟರ್ ಎಷ್ಟೋ ದೇಶದ ಅಡುಗೆಮನೆ ಸೇರಿದ್ದು ಹೀಗೆ.

ವಯಸ್ಸಿನ ವಿಷಯಕ್ಕೆ ಬಂದರೆ, ಚೆನ್ನಾಗಿ ನೋಡಿಕೊಂಡ ಎರಡು ತಿಂಗಳ ಸ್ಟಾರ್ಟರ್‌ನಲ್ಲೂ ನೂರು ವರ್ಷದ್ದರಷ್ಟೇ ಒಳ್ಳೆಯ ಬ್ರೆಡ್ ಬರುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಮಗಳು ತಂದ ಸ್ಟಾರ್ಟರ್ ಇಲ್ಲಿ ಬದಲಾಗಿಬಿಡತ್ತಾ?

ಸ್ವಲ್ಪ ಬದಲಾಗುತ್ತದೆ, ಆದರೆ ಊರಿನ ಗಾಳಿಯಿಂದ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಬ್ರೆಡ್‌ನಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾಗೆ 1971ರಲ್ಲಿ ಆ ಊರಿನ ಹೆಸರನ್ನೇ ಇಟ್ಟರು. ಆಮೇಲೆ ನೋಡಿದರೆ ಅದು ಯುರೋಪಿನ ಸ್ಟಾರ್ಟರ್‌ಗಳಲ್ಲೂ ಧಾರಾಳವಾಗಿ ಇತ್ತು. ನಾಲ್ಕು ಖಂಡಗಳ 500 ಸ್ಟಾರ್ಟರ್‌ಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವ ಊರಿನದು ಅನ್ನುವುದರಿಂದ ಒಳಗಿನ ಜೀವಿಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನೀವು ಕೊಡುವ ಹಿಟ್ಟು, ಮನೆಯ ಬಿಸಿ, ಎಷ್ಟು ಹೊತ್ತಿಗೊಮ್ಮೆ ಫೀಡ್ ಮಾಡುತ್ತೀರಿ ಅನ್ನುವುದರಿಂದ ಅದರ ರುಚಿ ನಡತೆ ನಿಧಾನಕ್ಕೆ ನಿಮ್ಮ ಮನೆಯದಾಗುತ್ತದೆ. ಬೆಲ್ಜಿಯಂನ ಸಾಂಕ್ಟ್ ವಿಟ್ ಊರಿನಲ್ಲಿ 2013ರಿಂದ ಸ್ಟಾರ್ಟರ್‌ಗಳ ಸಂಗ್ರಹಾಲಯವೇ ಇದೆ. ಅಲ್ಲಿ ಪ್ರತಿಯೊಂದಕ್ಕೂ ಅದರ ಮೂಲ ಮನೆಯ ಹಿಟ್ಟನ್ನೇ ತರಿಸಿ ಹಾಕುವುದು ಇದೇ ಕಾರಣಕ್ಕೆ.

## ಕೆಟ್ಟಿತಾ, ಸರಿ ಇದೆಯಾ

ಮೇಲೆ ಕಪ್ಪು ನೀರು ನಿಂತಿದೆ, ನೇಲ್ ಪಾಲಿಶ್ ವಾಸನೆ ಬರ್ತಿದೆ. ಬಿಸಾಡ್ಲಾ?

ಬೇಡ, ಅದಕ್ಕೆ ಹಸಿವಾಗಿದೆ ಅಷ್ಟೇ. ನೀರು ಚೆಲ್ಲಿ, ತಳದಿಂದ ಒಂದು ಚಮಚ ತೆಗೆದು ಹೊಸ ಬಾಟಲಿಯಲ್ಲಿ ಐದು ಪಟ್ಟು ಹಿಟ್ಟು, ಐದು ಪಟ್ಟು ನೀರು ಕೊಡಿ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ, ಹಸಿರು ಕಪ್ಪು ಬೂಸ್ಟು ಕಂಡರೆ ಮಾತ್ರ ಎರಡನೇ ಯೋಚನೆ ಬೇಡ. ಮೇಲಿನದು ಕೆರೆದು ಉಳಿಸಲು ನೋಡಬೇಡಿ. ಪೂರ್ತಿ ಬಿಸಾಡಿ, ಕೊಟ್ಟವರ ಹತ್ತಿರ ಮತ್ತೆ ತೆಗೆದುಕೊಳ್ಳಿ.

ಬ್ರೆಡ್ ಚಪ್ಪಟೆಯಾಗತ್ತೆ, ಒಳಗೆ ಅಂಟು ಅಂಟು. ತಪ್ಪು ಎಲ್ಲಿ?

ಕುಯ್ದು ನೋಡಿ. ಅಲ್ಲೊಂದು ಇಲ್ಲೊಂದು ದೊಡ್ಡ ತೂತು, ಉಳಿದ ಕಡೆ ಒತ್ತಾಗಿ ಅಂಟಿಕೊಂಡಿದ್ದರೆ ಕಡಿಮೆ ಉಬ್ಬಿದೆ. ಎಲ್ಲ ಕಡೆ ಒಂದೇ ಸಮ ಸಣ್ಣ ತೂತು, ಆದರೆ ಮೇಲ್ಭಾಗ ಸಪಾಟು, ಬಣ್ಣ ಬಿಳಿಚಿಕೊಂಡಿದೆ, ಹುಳಿ ಜಾಸ್ತಿ ಅಂದರೆ ಹೊತ್ತು ಮೀರಿದೆ. ತೂತು ಚೆನ್ನಾಗಿದ್ದು ಬರೀ ಅಂಟಾಗಿದ್ದರೆ ಬೇಯಲಿಲ್ಲ ಅಥವಾ ಬಿಸಿಯಲ್ಲಿ ಕುಯ್ದಿರಿ. ಹೊಸಬರಲ್ಲಿ ಬಹಳ ಸಲ ಕಾರಣ ಮೊದಲನೆಯದು, ಅದೂ ಸ್ಟಾರ್ಟರ್ ಪೂರ್ತಿ ಏರುವ ಮೊದಲೇ ಬಳಸಿದ್ದರಿಂದ.

## ಇನ್ನೂ ಮುಂದೆ ಹೋಗುವವರಿಗೆ

ರಾಗಿ ಹಾಕಬಹುದಾ? ಬರೀ ರಾಗಿ ಬ್ರೆಡ್ ಆಗಲ್ವಾ?

ರಾಗಿಯಲ್ಲಿ ಗ್ಲುಟೆನ್ ಇಲ್ಲ, ಗಾಳಿ ಹಿಡಿಯುವುದಿಲ್ಲ. ಬರೀ ರಾಗಿಯಲ್ಲಿ ಈ ತರಹದ ಬ್ರೆಡ್ ಬರುವುದಿಲ್ಲ. ಒಟ್ಟು ಹಿಟ್ಟಿನಲ್ಲಿ ನೂರಕ್ಕೆ 10, 15 ಭಾಗ ಹಾಕಬಹುದು. ಒಣದಾಗಿ ಬೆರೆಸಿದರೆ ಬ್ರೆಡ್ ಪುಡಿಪುಡಿ. ಅದಕ್ಕೆ 50 ಗ್ರಾಂ ರಾಗಿಹಿಟ್ಟಿಗೆ ರೆಸಿಪಿಯ ನೀರಿನಲ್ಲೇ 150 ಗ್ರಾಂ ತೆಗೆದು ಕುದಿಸಿ ಹಾಕಿ, ಗಂಟಿಲ್ಲದ ಹಾಗೆ ಗೊಟಾಯಿಸಿ, ಪೂರ್ತಿ ಆರಿದ ಮೇಲೆ ಹಿಟ್ಟಿಗೆ ಸೇರಿಸಿ. ಬ್ರೆಡ್ ಮೂರು ದಿನ ಹಸಿಹಸಿಯಾಗಿ, ಮೆತ್ತಗೆ ಇರುತ್ತದೆ. ಕಡಲೆಕಾಯಿ ಚಟ್ನಿಪುಡಿ, ಬೆಣ್ಣೆ ಹಚ್ಚಿ ತಿಂದು ನೋಡಿ.

ಬಾಗಲಕೋಟೆಯಿಂದ ಜವೆ ಗೋಧಿ ತಂದಿದ್ದೀನಿ. ಅದ್ರಲ್ಲಿ?

ಖಪ್ಲಿ ಅಂತ ಅಂಗಡಿಯಲ್ಲಿ ಮಾರುವುದೂ ಇದನ್ನೇ. ರುಚಿ ಅದ್ಭುತ, ಆದರೆ ಗ್ಲುಟೆನ್ ದುರ್ಬಲ. ಎಳೆದರೆ ಎಳೆಯುತ್ತದೆ, ಮತ್ತೆ ಹಿಂದೆ ಬರುವುದಿಲ್ಲ. ನೂರಕ್ಕೆ 30 ಭಾಗದವರೆಗೆ ಹಾಕಿ, ಕಡಿಮೆ ನಾದಿ, ಟಿನ್‌ನಲ್ಲಿ ಬೇಯಿಸಿ. ಗ್ಲುಟೆನ್ ಇಲ್ಲದ ಗೋಧಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ದೋಸೆ ಹಿಟ್ಟೂ ಹುದುಗತ್ತಲ್ಲ, ಅದನ್ನೇ ಹಾಕಿದ್ರೆ ಬ್ರೆಡ್ ಉಬ್ಬಲ್ವಾ?

ತುಸು ಉಬ್ಬಬಹುದು, ನೆಚ್ಚಿಕೊಳ್ಳುವ ಹಾಗಿಲ್ಲ. ಇಡ್ಲಿ, ದೋಸೆ ಹಿಟ್ಟಿನಲ್ಲಿ ಗಾಳಿ ಹುಟ್ಟಿಸುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ, ಆ ಗಾಳಿ ಹಿಡಿಯುವುದು ಉದ್ದಿನ ಲೋಳೆ. ಗೋಧಿ ಹಿಟ್ಟನ್ನು ಎತ್ತಲು ಹುಳಿಯನ್ನು ತಡೆದುಕೊಳ್ಳುವ ಯೀಸ್ಟ್ ಬೇಕು, ಅದನ್ನು ಫೀಡ್ ಮಾಡಿ ಮಾಡಿಯೇ ಬೆಳೆಸಬೇಕು. ಗೋಧಿಯಲ್ಲಿ ಹೊಸ ಸ್ಟಾರ್ಟರ್ ಶುರು ಮಾಡುವವರಿಗೂ ಇದೇ ಬ್ಯಾಕ್ಟೀರಿಯಾ ಎರಡನೇ ಮೂರನೇ ದಿನ ಭರ್ಜರಿ ಗುಳ್ಳೆ ತೋರಿಸಿ ಆಸೆ ಹುಟ್ಟಿಸುತ್ತದೆ. ಹುಳಿ ಏರಿದ ಮೇಲೆ ಅದು ಅಡಗುತ್ತದೆ, ಎಲ್ಲ ಸತ್ತಂತೆ ಕಾಣುತ್ತದೆ. ಅಲ್ಲಿ ಬಿಟ್ಟುಬಿಡದೆ ಇನ್ನೊಂದು ವಾರ ಫೀಡ್ ಮಾಡಿದರೆ ಯೀಸ್ಟ್ ಮೇಲೇಳುತ್ತದೆ.

ಶುಗರ್ ಇರೋರು ತಿನ್ನಬಹುದಾ? ಗೋಧಿ ಆಗದವರು?

ಸೋರ್‌ಡೋ ಬ್ರೆಡ್ ತಿಂದಾಗ ರಕ್ತದಲ್ಲಿ ಸಕ್ಕರೆ ಸಾಮಾನ್ಯ ಬ್ರೆಡ್‌ಗಿಂತ ನಿಧಾನವಾಗಿ ಏರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೂ ಅದು ಬ್ರೆಡ್ಡೇ. ಎಷ್ಟು ತಿನ್ನಬೇಕು ಅಂತ ನಿಮ್ಮ ಡಾಕ್ಟರ್ ಹೇಳಲಿ, ಮೀಟರ್ ಇದ್ದರೆ ತಿಂದ ಮೇಲೆ ನೋಡಿಕೊಳ್ಳಿ. ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಕರುಳು ಕೆಡುವುದು) ಇರುವವರು ಮಾತ್ರ ಗೋಧಿ ಸೋರ್‌ಡೋ ಒಂದು ತುಂಡೂ ತಿನ್ನಬಾರದು. ಹುದುಗಿದ ಮೇಲೂ ಗ್ಲುಟೆನ್ ಅವರಿಗೆ ಕೆಡುಕು ಮಾಡುವಷ್ಟು ಉಳಿದಿರುತ್ತದೆ.

ಒಳಗಿನ ತಾಪ 98 ಡಿಗ್ರಿ ಬರಬೇಕು ಅಂತಾರೆ. ನನ್ನ ಥರ್ಮಾಮೀಟರ್ 96ರ ಮೇಲೆ ಏರೋದೇ ಇಲ್ಲ. ಕೆಟ್ಟಿದೆಯಾ?

ಥರ್ಮಾಮೀಟರ್ ಸರಿಯಾಗಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಹತ್ತಿರ. ತೇವ ಇರುವ ಬ್ರೆಡ್‌ನ ನಡುಭಾಗ ಅದಕ್ಕಿಂತ ಬಿಸಿಯಾಗಲು ಸಾಧ್ಯವಿಲ್ಲ. 98 ಬರಲಿ ಅಂತ ಕಾದರೆ ಹೊರಪದರ ಕರಕಲಾಗುತ್ತದೆ. ಬೆಂಗಳೂರಿನಲ್ಲಿ 94, 95 ಬಂದಾಗ ತೆಗೆಯಿರಿ. ಮಡಿಕೇರಿ ಇನ್ನೂ ಎತ್ತರ, ಅಲ್ಲಿ 93 ಸಾಕು. ಕರಾವಳಿಯವರು 96, 97ರವರೆಗೆ ಬಿಡಬಹುದು. ಬನ್‌ಗೆ ಎಲ್ಲ ಊರಲ್ಲೂ 90 ಬಂದರೆ ಬೆಂದಿದೆ.